ಮುರಿಯಲೆಂದು ಮಾಡಿಸಿದ ಹದಿನೆಂಟು ಎಲುಬಿನ ಪಟ್ಟಿ

ಸೊರಬದಿಂದ ತಂದ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಾಗ ನನಗೆ ಕಣ್ಣು ತುಂಬಿ ಬಂತು ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಸುಳ್ಳು. ಬಂದದ್ದು ಸಿಟ್ಟು. ಒಳಗೆ ಹದಿನೆಂಟು ಎಲುಬಿನ ಪಟ್ಟಿಗಳಿದ್ದವು. ಒಂದೊಂದೂ ಬೆರಳುದ್ದ, ಆನೆಯ ದಂತದ ಹಾಗೆ ನುಣುಪು. ಎರಡೂ ಅಂಚಿಗೆ ಕೂದಲೆಳೆಯಷ್ಟು ಸಣ್ಣ ಗೆರೆ, ತುದಿಯಲ್ಲಿ ಒಂದು ತಾವರೆ ಮೊಗ್ಗು. ನನಗೆ ಬೇಕಿದ್ದದ್ದು ಒರಟು ಪಟ್ಟಿ, ಹದಿನೆಂಟು ವಿದ್ಯಾರ್ಥಿಗಳ ಕೈಯಲ್ಲಿ ಮುರಿಸುವುದಕ್ಕೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ಯಾವ ವರ್ಷ ಎಂದು ಖಚಿತವಾಗಿ ಹೇಳಬಲ್ಲೆ. ಹೇಳಿದರೆ ಉಳಿದದ್ದೆಲ್ಲ ಅಷ್ಟೇ ಖಚಿತ ಎಂದು ನೀವು ನಂಬಿಬಿಡುತ್ತೀರಿ, ಅದಕ್ಕೇ ಬೇಡ.

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ಆಗ ಒಂದು ಸಣ್ಣ ಇಂಜಿನಿಯರಿಂಗ್ ಕಾಲೇಜಿತ್ತು. ಅಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿ ನಾನು ಪಾಠ ಮಾಡುತ್ತಿದ್ದೆ. ಕೊನೆಯ ವರ್ಷದವರು ಬೇಕಿದ್ದರೆ ಆರಿಸಿಕೊಳ್ಳಬಹುದಾದ ವಿಷಯಗಳಲ್ಲಿ ಬಯೋಮೆಟೀರಿಯಲ್ಸ್ ಒಂದು. ದೇಹದ ಒಳಗಿರುವ ವಸ್ತುಗಳು, ದೇಹದ ಒಳಗೆ ಕೂರಿಸಬಹುದಾದ ವಸ್ತುಗಳು: ಎಲುಬು, ಹಲ್ಲು, ಮುರಿದ ತೊಡೆಗೆ ಬಿಗಿಯುವ ಸ್ಟೀಲ್ ಪ್ಲೇಟು. ಪಾಠವೇನೋ ಸಾಗುತ್ತಿತ್ತು. ಲ್ಯಾಬ್ ಎಂದರೆ ಎರಡು ಮೇಜು, ಒಂದು ನಲ್ಲಿ, ಒಂದು ಗಾಜಿನ ಬೀರು. ಏಳು ಪ್ರಯೋಗಗಳ ಪಟ್ಟಿಯಲ್ಲಿ ಆರನ್ನು ನಾನು ಮಾಡಿ ತೋರಿಸುವುದು, ಅವರು ನಿಂತು ನೋಡುವುದು. ಆ ವರ್ಷ ವಿಶ್ವವಿದ್ಯಾಲಯದ ಸಮಿತಿಯೊಂದು ಬಂದು, ಈ ವಿಷಯಕ್ಕೆ ಲ್ಯಾಬ್ ಇಟ್ಟುಕೊಳ್ಳಬೇಕೋ ಬರೀ ಪಾಠ ಸಾಕೋ ಎಂದು ತೀರ್ಮಾನಿಸುವುದಿತ್ತು. ಅದು ಏನಾದರೂ ಆಗಲಿ, ಈ ಹದಿನೆಂಟು ಜನ ಒಂದಾದರೂ ಪ್ರಯೋಗವನ್ನು ತಮ್ಮ ಕೈಯಾರೆ ಮಾಡಿ ಹೋಗಬೇಕು. ನನ್ನ ಹಟ ಇದ್ದದ್ದು ಇಷ್ಟೇ.

ಏಳನೆಯದಕ್ಕೆ ನಾನು ಯೋಚಿಸಿದ್ದು ತೀರಾ ಸರಳವಾದದ್ದು. ತೆಳುವಾದ ಎಲುಬಿನ ಪಟ್ಟಿಯನ್ನು ಎರಡು ಕಟ್ಟೆಗಳ ಮೇಲೆ ಸೇತುವೆಯ ಹಾಗೆ ಇಡುವುದು. ನಡುವಿನಿಂದ ತಟ್ಟೆ ತೂಗುಬಿಟ್ಟು, ಅಂಗಡಿಯ ತೂಕದ ಬಟ್ಟುಗಳನ್ನು ಒಂದೊಂದಾಗಿ ಏರಿಸುವುದು. ಎಷ್ಟು ತೂಕಕ್ಕೆ ಬಾಗಿತು, ಎಷ್ಟಕ್ಕೆ ಮುರಿಯಿತು? ಒಂಬತ್ತು ಪಟ್ಟಿ ಒಣಗಿದ್ದು, ಒಂಬತ್ತು ನೀರಲ್ಲಿ ನೆನೆದದ್ದು. ಒಣಗಿದ್ದು ಹೆಚ್ಚು ಬಿಗಿ, ಆದರೆ ಮುನ್ಸೂಚನೆಯಿಲ್ಲದೆ ಟಕ್ಕೆಂದು ಹೋಗುತ್ತದೆ. ನೆನೆದದ್ದು ಬಾಗಿ, ತಾಳಿ, ಆಮೇಲೆ ಮುರಿಯುತ್ತದೆ. ನಮ್ಮ ಮೈಯಲ್ಲಿರುವ ಎಲುಬು ನೆನೆದದ್ದು. ನಾಲ್ಕು ವರ್ಷ ಕಬ್ಬಿಣವನ್ನಷ್ಟೇ ಓದಿದವರಿಗೆ ಇದು ಬೆರಳ ತುದಿಯಲ್ಲಿ ಗೊತ್ತಾಗಬೇಕು ಎಂದುಕೊಂಡಿದ್ದೆ.

ಶಿರಾಳಕೊಪ್ಪದ ಸಂತೆಯ ದಿನ ನಾನೇ ಹೋಗಿ ಮಾಂಸದಂಗಡಿಯ ಮುಂದೆ ನಿಂತೆ. ಅಂಗಡಿಯವರು ಮೇಲೆ ಕೆಳಗೆ ನೋಡಿದರು.

"ಏನ್ ಮೇಡಂ, ದಾರಿ ತಪ್ಪಿದ್ರಾ?"

"ಎಮ್ಮೆಯ ಕಾಲಿನ ಎಲುಬು ಬೇಕು. ಉದ್ದ ಇರಬೇಕು, ನೇರ ಇರಬೇಕು."

"ಸೂಪಿಗೆ ನೇರ ಯಾಕೆ ಮೇಡಂ, ಸೊಟ್ಟ ಇದ್ರೂ ಬೇಯ್ತೈತೆ."

ನಗಬೇಕಿತ್ತು, ನಗಲಿಲ್ಲ. ಸೀರೆಯ ಒಳಗೆ ನನ್ನ ಕೊರಳಲ್ಲಿ ಲಿಂಗವಿತ್ತು. ಬಸ್ಸಿನಲ್ಲಿ ಪರಿಚಯದವರು ಯಾರಾದರೂ ಸಿಕ್ಕಿ ಚೀಲದಲ್ಲಿ ಏನೆಂದು ಕೇಳಿದರೆ ಏನು ಹೇಳುವುದು ಎಂಬ ಲೆಕ್ಕಾಚಾರದಲ್ಲಿದ್ದೆ. ನಾಲ್ಕು ಎಲುಬನ್ನು ಪ್ಲಾಸ್ಟಿಕ್ಕಿನಲ್ಲಿ, ಅದನ್ನು ದಿನಪತ್ರಿಕೆಯಲ್ಲಿ, ಅದನ್ನು ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತೆ.

ಮಾರನೆಯ ದಿನ ಲ್ಯಾಬಿನ ಮೇಜಿನ ಮೇಲೆ ಎಲುಬು ಬಿಡಿಸಿಟ್ಟಾಗ ಹದಿನೆಂಟೂ ಜನ ವೃತ್ತವಾಗಿ ನಿಂತರು. ಕೈಗಳೆಲ್ಲ ಬೆನ್ನ ಹಿಂದೆ.

ಮುಂದೆ ನಿಂತಿದ್ದ ಶಿಕಾರಿಪುರದ ಹುಡುಗ ಹೇಳಿದ: "ಮೇಡಂ, ಇದನ್ನ ಮುಟ್ಟಿ ಮನಿಗೆ ಹೋದ್ರ ನಮ್ಮಜ್ಜಿ ಹೊರಗಾ ನಿಲ್ಲಿಸ್ತಾಳ್ರಿ."

"ಹೇಳಬ್ಯಾಡಲೇ ಹಂಗಾರ," ಎಂದ ಹಿಂದಿನವನು.

"ನಾ ಹೇಳದಿದ್ರೂ ವಾಸ್ನಿ ಹೇಳ್ತೈತಲ್ಲಲೇ."

ಎಲ್ಲರೂ ನಕ್ಕರು. ಅದೇ ಹುಡುಗ ಆಮೇಲೆ ನಿಜವಾಗಿಯೇ ಕೇಳಿದ: "ಮೇಡಂ, ಬಿದಿರು ಆಗಂಗಿಲ್ಲೇನ್ರಿ? ಅದಕ್ಕೂ ಎಳಿ ಇರ್ತೈತಿ, ಅದೂ ಒಣಗಿದ್ರ ಒಂದು ಥರ, ಹಸಿ ಇದ್ರ ಒಂದು ಥರ."

ಅದು ಒಳ್ಳೆಯ ಪ್ರಶ್ನೆ. ಈಗ ಗೊತ್ತಾಗುತ್ತದೆ, ಆಗಲೂ ಅರ್ಧ ಗೊತ್ತಾಗಿತ್ತು. ನಾನು ಹೇಳಿದ್ದು ಮಾತ್ರ "ನಿನ್ನ ತೊಡೆಯೊಳಗೆ ಬಿದಿರಿದೆಯಾ?" ಎಂದು. ಮತ್ತೆ ನಗು. ಆ ಹುಡುಗ ಆ ವರ್ಷ ನನ್ನನ್ನು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಕೊನೆಗೆ ಒಬ್ಬಳು ಕರವಸ್ತ್ರ ಸುತ್ತಿ ಒಂದು ಎಲುಬು ಎತ್ತಿಕೊಂಡಳು. ಸೊರಬ ತಾಲ್ಲೂಕಿನ ಹೊಸಬಾಳೆಯವಳು, ಕೊನೆಯ ಬೆಂಚಿನವಳು. ಅಂಕಗಳಲ್ಲೂ ಹೆಚ್ಚುಕಡಿಮೆ ಅಲ್ಲೇ. "ತೂಕ ಇದೆಯಲ್ಲ ಮೇಡಂ," ಎಂದಳು, ಅಷ್ಟೇ. ಅವಳೇ ಅದನ್ನು ವರ್ಕ್‌ಶಾಪಿಗೆ ಹೊತ್ತಳು. ಹ್ಯಾಕ್ಸಾ ಬ್ಲೇಡಿಗೆ ಎಲುಬು ಬಿಸಿಯಾಗಿ, ಸುಟ್ಟ ಕೂದಲಿನ ವಾಸನೆ ಎದ್ದು, ಉದ್ದಕ್ಕೆ ಸೀಳು ಬಿಟ್ಟಿತು. ಎರಡನೆಯದೂ ಹಾಗೇ. ವರ್ಕ್‌ಶಾಪಿನವರು ಮೂಗು ಮುಚ್ಚಿಕೊಂಡು ನಮ್ಮನ್ನು ಹೊರಗೆ ಕಳಿಸಿದರು. ಇನ್ನು ಉಳಿದದ್ದು ಎರಡೇ ಎಲುಬು.

ಆಗ ಅವಳೇ ಹೇಳಿದ್ದು: "ಸೊರಬದಾಗೆ ಗುಡಿಗಾರರು ಇದಾರಲ್ಲ ಮೇಡಂ. ಗಂಧ ಕೆತ್ತೋರು. ಹಿಂದೆ ದಂತಾನೂ ಕೆತ್ತತಿದ್ರಂತೆ. ಅವರಿಗೆ ಬರತ್ತೆ."

ನನಗೆ ಹೊಳೆಯದ್ದು ಅವಳಿಗೆ ಹೊಳೆಯಿತು ಎಂಬ ಕಿರಿಕಿರಿಯಲ್ಲೇ ಆ ಶನಿವಾರ ಸೊರಬದ ಬಸ್ಸು ಹತ್ತಿದೆ.

ಗುಡಿಗಾರರ ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಹಿರಿಯರೊಬ್ಬರು ನೆಲದ ಮೇಲೆ ಕಾಲು ಚಾಚಿ ಕೂತು, ಪಾದದ ಹೆಬ್ಬೆರಳಲ್ಲಿ ಮರದ ತುಂಡನ್ನು ಒತ್ತಿಹಿಡಿದು ಉಳಿ ಆಡಿಸುತ್ತಿದ್ದರು. ನನ್ನ ಚೀಲ ಬಿಚ್ಚಿದರೆ ಅವರ ಮುಖದಲ್ಲಿ ಅಸಹ್ಯದ ಸುಳಿವೂ ಇಲ್ಲ. ಎಲುಬನ್ನು ಎತ್ತಿ ಉಗುರಿನಿಂದ ತಟ್ಟಿ ಕಿವಿಗೆ ಹಿಡಿದರು.

"ಇದನ್ನ ಬಿಸಿಲಿಗೆ ಇಟ್ಟಿದ್ರಾ?"

"ಎರಡು ದಿನ."

"ಹಂಗೆ ಇಡೂದಲ್ಲ. ಒದ್ದೆ ಬಟ್ಟೆ ಸುತ್ತಿ ಇಡಬೇಕು. ಇದಕ್ಕೂ ಎಳೆ ಇರತ್ತೆ, ಎಳೆ ನೋಡ್ಕಂಡು ಸೀಳಬೇಕು. ಎಂತಕ್ಕೆ ಬೇಕು ಟೀಚರಮ್ಮ ಇದು?"

ಇಲ್ಲಿ ನಾನು ನಿಧಾನವಾಗಿ ಬರೆಯಬೇಕು. ಈ ಜಾಗವನ್ನೇ ನಾನು ಎಲ್ಲಕ್ಕಿಂತ ಹೆಚ್ಚು ತಿದ್ದಿ ಹೇಳಿಕೊಂಡು ಬಂದಿರುವುದು. ಕೆಲವರಿಗೆ ಹೇಳುವಾಗ ನಾನು ಗುಡಿಗಾರರಿಗೆ ಪ್ರಯೋಗವನ್ನೆಲ್ಲ ವಿವರಿಸಿದ್ದೆ, ಅವರಿಗೆ ಅರ್ಥವಾಗಲಿಲ್ಲ. ಇನ್ನು ಕೆಲವರಿಗೆ ಹೇಳುವಾಗ ಅವರು ಕೇಳಲೇ ಇಲ್ಲ. ನಿಜ ಏನೆಂದರೆ, ಅವರು ಕೇಳಿದರು, ನಾನು ಅವರ ಕೈ ನೋಡಿದೆ, ಪಕ್ಕದಲ್ಲಿ ಅರ್ಧ ಮುಗಿದ ಗಣಪತಿಯನ್ನು ನೋಡಿದೆ, ಮುರಿಯುವುದಕ್ಕೆ ಎಂದರೆ ಈ ಮನುಷ್ಯ ಮಾಡಿಕೊಡುವುದಿಲ್ಲ ಎಂದು ನನ್ನಷ್ಟಕ್ಕೆ ತೀರ್ಮಾನ ಮಾಡಿದೆ. "ಹುಡುಗರಿಗೆ ತೋರಿಸೋಕೆ," ಎಂದೆ. ಅಳತೆ ಬರೆದ ಚೀಟಿ ಕೊಟ್ಟೆ.

"ತೋರಿಸೋಕಾ," ಎಂದರು. "ಹಂಗಾರೆ ಒಂದೆರಡು ವಾರ ಆಗತ್ತೆ."

ತೋರಿಸಲು ಎಂದೆ, ತೋರಿಸಲು ಮಾಡಿದರು. ಮರಳುಕಾಗದದ ಹಾಗಿರುವ ಒರಟು ಎಲೆಯಲ್ಲಿ ತಿಕ್ಕಿ, ಜೇನುಮೇಣ ಹಚ್ಚಿ, ಮೊಗ್ಗು ಬಿಡಿಸಿ, ಒಂದೊಂದಕ್ಕೂ ಗೂಡಿರುವ ಪೆಟ್ಟಿಗೆಯನ್ನೂ ಮಾಡಿ ಕೊಟ್ಟರು.

ಅವತ್ತು ಲ್ಯಾಬಿನಲ್ಲಿ ಪೆಟ್ಟಿಗೆ ತೆರೆದಾಗ ಹದಿನೆಂಟು ಜನರ ಕೈಯೂ ಮುಂದೆ ಬಂತು. ಅದೇ ಎಮ್ಮೆ, ಅದೇ ಎಲುಬು. ಅಜ್ಜಿಯ ಭಯದ ಹುಡುಗ ಒಂದನ್ನು ಕೆನ್ನೆಗೆ ಒತ್ತಿಕೊಂಡು "ತಂಪ್ ಐತಿ ನೋಡ್ರಲೇ" ಎಂದ. ಹೊಸಬಾಳೆಯವಳು ಮಾತ್ರ ನಲ್ಲಿಗೆ ಹೋಗಿ ಬೆರಳು ಒದ್ದೆ ಮಾಡಿಕೊಂಡು ಬಂದು ಪಟ್ಟಿಯ ಮೇಲೆ ಒಂದು ಹನಿ ಬಿಟ್ಟಳು. ಹನಿ ಉರುಳಿ ಕೆಳಗೆ ಬಿತ್ತು.

"ಮೇಡಂ, ಇದ್ರ ಮೇಲೆ ನೀರೇ ನಿಲ್ಲಲ್ಲ. ನೆನೆಸೋದು ಹೆಂಗೆ?"

ನೆನೆಸುವ ಹಾಗಿರಲಿಲ್ಲ. ಮೇಣ ತೆಗೆಯಲು ಏನಾದರೂ ಹಾಕಿ ತೊಳೆಯಬಹುದಿತ್ತು. ಒಂಬತ್ತನ್ನು ಹಾಗೇ ಒಣಗಿದ್ದೆಂದು ಮುರಿಯಬಹುದಿತ್ತು. ಕಟ್ಟೆ, ತಟ್ಟೆ, ಬಟ್ಟು ಎಲ್ಲ ಮೇಜಿನ ಮೇಲೆ ತಯಾರಿದ್ದವು. ಅಷ್ಟರಲ್ಲಿ ನಗುವಿನ ಸದ್ದು ಕೇಳಿ ಪ್ರಾಂಶುಪಾಲರು ಒಳಗೆ ಬಂದರು.

"ಅರೆ, ದಂತ!"

"ಎಮ್ಮೆ ಎಲುಬು ಸರ್."

"ಹೌದಾ? ಅದನ್ನ ಜೋರಾಗಿ ಹೇಳಬೇಡಿ." ಒಂದನ್ನು ಬೆಳಕಿಗೆ ಹಿಡಿದರು. "ಇದನ್ನ ಏನು ಮಾಡ್ತೀರಿ?"

"ಮುರೀತೀವಿ ಸರ್."

"ನಿಮಗೆ ತಲೆ ಸರಿ ಇದೆಯೇನ್ರೀ ಮೇಡಂ? ಕಮಿಟಿ ಬಂದು ಹೋಗ್ಲಿ. ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

ಪೆಟ್ಟಿಗೆ ಗಾಜಿನ ಬೀರುವಿಗೆ ಹೋಯಿತು, ಬೀಗದ ಕೈ ಅವರ ಕೋಣೆಗೆ. ಸಮಿತಿ ಬಂತು. ಮೂವರಿದ್ದರು. ಲ್ಯಾಬಿನಲ್ಲಿ ಅವರು ನಿಂತದ್ದು ಆ ಬೀರುವಿನ ಮುಂದೆ ಮಾತ್ರ. ಒಬ್ಬರು "ಇದನ್ನ ವಿದ್ಯಾರ್ಥಿಗಳೇ ಮಾಡಿದ್ದಾ?" ಎಂದು ಕೇಳಿದರು. ಪ್ರಾಂಶುಪಾಲರು ಹೌದೆಂದರು. ಕೈಯಾರೆ ಕಲಿಸುವ ಲ್ಯಾಬು ಹೀಗಿರಬೇಕು ಎಂದು ಇನ್ನೊಬ್ಬರು ತಲೆದೂಗಿದರು. ನನ್ನ ಹಿಂದೆ ಸಾಲಾಗಿ ನಿಂತಿದ್ದ ಹದಿನೆಂಟು ಜನ ನನ್ನ ಬೆನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ನಾನು ಬಾಯಿ ಬಿಡಲಿಲ್ಲ. ಲ್ಯಾಬು ಉಳಿಯಿತು.

ಮರುವಾರ ಬೀಗದ ಕೈ ಕೇಳಲು ಹೋದೆ.

"ಮುರಿದ್ರೆ ಮುಂದಿನ ವರ್ಷದ ಕಮಿಟಿಗೆ ಏನು ತೋರಿಸ್ತೀರಿ?" ಎಂದರು ಪ್ರಾಂಶುಪಾಲರು. ನಿಜವಾಗಿಯೂ ಉತ್ತರಕ್ಕೆ ಕಾಯುವವರ ಹಾಗೆ ನನ್ನ ಮುಖ ನೋಡಿದರು.

ಪರೀಕ್ಷೆಗೆ ಇನ್ನು ಮೂರು ವಾರ. ಒರಟು ಪಟ್ಟಿ ಕೇಳಲು ಮತ್ತೆ ಸೊರಬಕ್ಕೆ ಹೋದೆ. ಈ ಸಲ ನಿಜ ಹೇಳದೆ ದಾರಿಯಿರಲಿಲ್ಲ. ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡೆ: ನಿಮ್ಮ ಕಲೆಗೆ ಅವಮಾನ ಮಾಡಬೇಕೆಂದಲ್ಲ, ವಿಜ್ಞಾನದ ಅಗತ್ಯ, ಹೀಗೆ. ಗುಡಿಗಾರರ ಎದುರು ಕೂತು ಅದಷ್ಟನ್ನೂ ಹೇಳಿದೆ. ಅವರು ಉಳಿ ನಿಲ್ಲಿಸದೆ ಕೇಳಿಸಿಕೊಂಡರು.

"ಮುರಿಯೋಕಾ?"

"ಹೌದು."

"ಮೊದ್ಲೇ ಹೇಳೂದಲ್ಲನ್ರೀ. ಅರ್ಧ ದಿನದ ಕೆಲಸ. ಎರಡು ವಾರ ಸುಮ್ಮನೆ ಕಣ್ಣು ಹಾಳು ಮಾಡ್ಕಂಡೆ."

ಇಷ್ಟೇ. ಬೇಸರವಿಲ್ಲ, ನೋವಿಲ್ಲ. ಪಕ್ಕದಲ್ಲಿದ್ದ ತಗಡಿನ ಡಬ್ಬ ಎಳೆದು ನೆಲದ ಮೇಲೆ ಸುರಿದರು. ನಾನು ಕೊಟ್ಟ ಎಲುಬಿನಲ್ಲಿ ಉಳಿದ ಚೂರುಗಳು, ಒಂದು ಉದ್ದ, ಒಂದು ಗಿಡ್ಡ, ಒಂದು ದಪ್ಪ, ಹದಿನೆಂಟು ಪಟ್ಟಿಗೆ ಸಾಲದಷ್ಟು.

"ನಾವೂ ಮುರಿದು ನೋಡದೆ ಕೆಲಸ ಹಿಡಿಯೂದಿಲ್ಲ ಟೀಚರಮ್ಮ. ಹೊಸ ಎಲುಬು ಬಂತು ಅಂದ್ರೆ ಅದ್ರದ್ದೇ ಎರಡು ಚೂರು. ಒಂದು ಒಣಗಿದ್ದು, ಒಂದು ನೆನೆಸಿದ್ದು. ಎರಡನ್ನೂ ಬೆರಳಾಗೆ ಮುರೀತೇವೆ. ಒಣಗಿದ್ದು ಟಕ್ ಅನ್ನತ್ತೆ. ನೆನೆದದ್ದು ಸ್ವಲ್ಪ ಮಾತು ಕೇಳತ್ತೆ. ಎಷ್ಟು ಮಾತು ಕೇಳತ್ತೆ ಅಂತ ನೋಡ್ಕಂಡು ಉಳಿ ಹಿಡಿಯೂದು. ನಮ್ಮಪ್ಪ ದಂತಕ್ಕೂ ಹಂಗೇ ಮಾಡ್ತಿದ್ರು."

ನಾನು ಎರಡು ತಿಂಗಳಿಂದ ಹದಿನೆಂಟು ಜನರಿಗೆ ಮಾಡಿಸಲು ಒದ್ದಾಡುತ್ತಿದ್ದ ಪ್ರಯೋಗವನ್ನು ಈ ಕೋಣೆಯಲ್ಲಿ ಪ್ರತಿ ಎಲುಬಿಗೂ ಮಾಡುತ್ತಿದ್ದರು. ಮೊದಲ ದಿನ ಒಂದು ಮಾತು ನಿಜ ಹೇಳಿದ್ದರೆ ಅದು ಅಂದೇ ಗೊತ್ತಾಗುತ್ತಿತ್ತು. ಕಲೆಗಾರನ ಮನಸ್ಸು ನನಗೆ ಗೊತ್ತು ಎಂದುಕೊಂಡಿದ್ದೆನಲ್ಲ, ಅದರ ಫಲ ಬೀಗ ಹಾಕಿದ ಬೀರುವಿನಲ್ಲಿ ಹೊಳೆಯುತ್ತಿತ್ತು.

"ಒಂದು ಭಾನುವಾರ ಹುಡುಗರನ್ನ ಕರ್ಕೊಂಡು ಬರ್ಲಾ?"

"ಬನ್ನಿ. ಮುರಿಯೋಕೆ ಎಂತ ಮುಹೂರ್ತ?"

ತರಗತಿಯಲ್ಲಿ ಹೇಳಿದಾಗ ಹದಿನೆಂಟೂ ಜನ ಬರುತ್ತೇವೆ ಎಂದರು. ಭಾನುವಾರ ಬೆಳಿಗ್ಗೆ ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟು ಕಾದೆ. ಯಾರೂ ಬರಲಿಲ್ಲ. ಓದುವ ರಜೆ ಶುರುವಾಗಿತ್ತು, ಅವರ ತಪ್ಪೇನೂ ಅಲ್ಲ. ಆಗ ಹಾಗೆ ಅನಿಸಲಿಲ್ಲ, ಒಬ್ಬೊಬ್ಬರನ್ನೂ ಮನಸ್ಸಿನಲ್ಲಿ ಬೈಯುತ್ತಲೇ ಒಬ್ಬಳೇ ಹೊರಟೆ. ಸೊರಬದಲ್ಲಿ ಇಳಿದರೆ ಹೊಸಬಾಳೆಯವಳು ತನ್ನ ಊರಿನಿಂದಲೇ ನೇರ ಬಂದು ಗುಡಿಗಾರರ ಮನೆಯ ಜಗಲಿಯ ಮೇಲೆ ಕೂತಿದ್ದಳು.

"ಉಳಿದೋರು ಹಿಂದಿನ ಬಸ್ಸಿಗಾ ಮೇಡಂ?"

"ಇಲ್ಲ."

ಅವಳು ಒಳಗೆ ಹೋಗಿ ಕಾಲು ಮಡಚಿ ಕೂತಳು. ಈ ಸಲ ಕರವಸ್ತ್ರ ಹೊರಗೆ ತೆಗೆಯಲೇ ಇಲ್ಲ, ಬರಿಗೈ. ಗುಡಿಗಾರರು ಒಣಗಿದ ಚೂರೊಂದನ್ನು ಕೊಟ್ಟು, ಎರಡು ಹೆಬ್ಬೆರಳು ಎಲ್ಲಿಡಬೇಕೆಂದು ತೋರಿಸಿದರು. ಟಕ್. ಅವಳು ಬೆಚ್ಚಿ ಕಣ್ಣು ಮುಚ್ಚಿದಳು, ಆಮೇಲೆ ನಕ್ಕಳು. ನೀರಿನ ಬಟ್ಟಲಿನಿಂದ ಇನ್ನೊಂದು. ಅದನ್ನು ಒತ್ತಿದಳು, ಒತ್ತಿದಳು, ನಿಲ್ಲಿಸಿದಳು.

"ಬರ್ತಾ ಇದೆ ಮೇಡಂ. ಬಾಗ್ತಾ ಇದೆ. ಗೊತ್ತಾಗತ್ತೆ ಬೆರಳಿಗೆ."

"ಬಿಡಬೇಡ, ಒತ್ತು," ಎಂದರು ಗುಡಿಗಾರರು. "ಅದು ಹೇಳಿ ಹೋಗತ್ತೆ."

ಸದ್ದಿಲ್ಲದೆ ಮುರಿಯಿತು. ಮುರಿದ ಕಡೆ ಸೀಳಿದ ಕಟ್ಟಿಗೆಯ ಹಾಗೆ ಎಳೆ ಎದ್ದಿತ್ತು. ಒಣಗಿದ್ದರ ಮುರಿದ ಮುಖ ಸೀಮೆಸುಣ್ಣದ ಹಾಗೆ ಸಪಾಟು. ಎರಡನ್ನೂ ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಒಂದೇ ಅಳತೆಯಿಲ್ಲದ ಚೂರುಗಳು, ತೂಕ ಹಾಕಿ ಹೋಲಿಸಿದರೆ ಅರ್ಥವಿಲ್ಲ. ಹಾಗಾಗಿ ಅವಳಿಗೆ ಸಿಕ್ಕಿದ್ದು ಒಂದೂ ಅಂಕಿಯಿಲ್ಲದ ಪ್ರಯೋಗ. ಹದಿನೆಂಟರಲ್ಲಿ ಒಬ್ಬಳು ಮಾಡಿದಳು, ಒಬ್ಬಳಾದರೂ ಮಾಡಿದಳಲ್ಲ ಎಂದುಕೊಂಡು ಮರಳಿದೆ. ಈ ಬರಹ ಅಲ್ಲೇ ಮುಗಿದಿದ್ದರೆ ನನಗೂ ಅನುಕೂಲವಿತ್ತು.

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು. ಒಳಗಿನ ಪರೀಕ್ಷಕಿಯಾಗಿ ಅವರ ಪಕ್ಕದ ಕುರ್ಚಿಯಲ್ಲಿ ನಾನು. ಮೊದಲು ರೆಕಾರ್ಡ್ ಪುಸ್ತಕಗಳ ತನಿಖೆ. ಹದಿನೇಳು ಪುಸ್ತಕಗಳಲ್ಲಿ ಏಳನೆಯ ಪ್ರಯೋಗ, ಎಲುಬು ಮುರಿಯುವುದು, ಒಂದೇ ತೆರನಾಗಿತ್ತು: ನೀಲಿ ಶಾಯಿಯಲ್ಲಿ ಕೋಷ್ಟಕ, ಗ್ರಾಫಿನಲ್ಲಿ ನೇರ ಗೆರೆ, ಗೆರೆಯ ಮೇಲೆ ಸಾಲಾಗಿ ಕೂತ ಚುಕ್ಕೆಗಳು. ಲೆಕ್ಕ ಹೇಗೆ ಮಾಡಬೇಕೆಂದು ತೋರಿಸಲು ವರ್ಷದ ಮೊದಲಲ್ಲಿ ನಾನೇ ಕಲ್ಪಿಸಿ, ಸೈಕ್ಲೋಸ್ಟೈಲ್ ಮಾಡಿಸಿ ಹಂಚಿದ್ದ ಅಂಕಿಗಳು ಅವು. ಯಾರೂ ಮುರಿಯದ ಎಲುಬು ಹದಿನೇಳು ಪುಸ್ತಕಗಳಲ್ಲಿ ಒಂದೇ ತೂಕಕ್ಕೆ ಮುರಿದಿತ್ತು. ಒಂದೊಂದರ ಕೆಳಗೂ ಮುಂಚೆಯೇ ನನ್ನ ಸಹಿ ಬಿದ್ದಿತ್ತು. ಪರೀಕ್ಷಕರು "ನೀಟಾಗಿದೆ" ಎಂದು ಪುಟ ತಿರುವುತ್ತ ಹೋದರು.

ಹದಿನೆಂಟನೆಯದರಲ್ಲಿ ಕೋಷ್ಟಕವಿರಲಿಲ್ಲ. ಎರಡು ಚಿತ್ರ, ಕೆಳಗೆ ನಾಲ್ಕು ಸಾಲು: ಒಣಗಿದ್ದು ತಕ್ಷಣ ಮುರಿಯಿತು, ನೆನೆದದ್ದು ಮುರಿಯುವ ಮುಂಚೆ ಬೆರಳಿಗೆ ತಿಳಿಯಿತು. ಪಕ್ಕದಲ್ಲಿ ಅಂಟುಪಟ್ಟಿ ಹಾಕಿ ಎರಡು ಎಲುಬಿನ ಚೂರು.

"ಏನ್ರೀ ಇದು! ಎಲುಬು ಅಂಟಿಸಿದಾಳಲ್ಲ." ಅವರು ಸ್ಕೇಲಿನ ತುದಿಯಿಂದ ಚೂರುಗಳನ್ನು ಎಬ್ಬಿಸಿ ಕೆಳಗಿದ್ದ ಕಸದ ಬುಟ್ಟಿಗೆ ತಳ್ಳಿ, ಕರವಸ್ತ್ರಕ್ಕೆ ಬೆರಳು ಒರೆಸಿಕೊಂಡರು. "ರೀಡಿಂಗ್ ಎಲ್ಲಿ? ಗ್ರಾಫ್ ಎಲ್ಲಿ?" ಪುಟದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ. "ಇವಳಿಗೆ ನೀವು ಹೇಳಿಕೊಡಲಿಲ್ವಾ ಮೇಡಂ?"

ಆಮೇಲೆ ಆದದ್ದನ್ನು ನಾನು ಹೀಗೆ ಹೇಳಿಕೊಂಡು ಬಂದಿದ್ದೇನೆ: ಹದಿನೆಂಟರಲ್ಲಿ ಇದೊಂದೇ ನಿಜವಾಗಿ ಮಾಡಿದ ಪ್ರಯೋಗ ಎಂದು ಅವರಿಗೆ ಹೇಳಿದೆ, ಬಗ್ಗಿ ಬುಟ್ಟಿಯಿಂದ ಚೂರುಗಳನ್ನು ಎತ್ತಿಕೊಂಡೆ. ಸಭೆಯೊಂದರಲ್ಲಿ ಹೀಗೆ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದೆ. ಆದರೆ ನಾನು ಏನನ್ನೂ ಎಸೆಯುವವಳಲ್ಲ. ಆ ವರ್ಷದ ಹಾಜರಿ ಪುಸ್ತಕ ನನ್ನ ಹತ್ತಿರ ಇದೆ. ಸೈಕ್ಲೋಸ್ಟೈಲ್ ಹಾಳೆ ಇದೆ. ಗುಡಿಗಾರರಿಗೆ ಕೊಟ್ಟಿದ್ದ ಅಳತೆಯ ಚೀಟಿಯೂ ಇದೆ. ಎಲುಬಿನ ಚೂರುಗಳು ಎಲ್ಲೂ ಇಲ್ಲ. ಇದನ್ನು ಬರೆಯುವ ಮುಂಚೆ ಎಲ್ಲ ಡಬ್ಬಗಳನ್ನೂ ಸುರಿದು ಹುಡುಕಿದೆ. ಎತ್ತಿಕೊಂಡಿದ್ದರೆ ಇರುತ್ತಿದ್ದವು. ಅಂದರೆ ನಾನು ಬಗ್ಗಲಿಲ್ಲ. ಬಗ್ಗದವಳು ಆ ಮಾತನ್ನೂ ಹೇಳಿರಲಾರಳು. ಹೇಳಿದ್ದರೆ ಉಳಿದ ಹದಿನೇಳರ ಕೆಳಗಿನ ಸಹಿ ಯಾರದು ಎಂಬ ಪ್ರಶ್ನೆ ಬರುತ್ತಿತ್ತು. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಎಲ್ಲರಿಗಿಂತ ಕಡಿಮೆ ಅಂಕವಿತ್ತು, ಅದರ ಕೆಳಗೂ ಸಹಿ ಹಾಕಿದೆ.

ಸಂಜೆ ರೆಕಾರ್ಡ್ ವಾಪಸು ಕೊಡುವಾಗ ಅವಳು ಕಾರಿಡಾರಿನಲ್ಲೇ ಪುಟ ತೆರೆದಳು. ಕೆಂಪು ಗೆರೆಗಿಂತ ಮೊದಲು ಅವಳ ಕಣ್ಣು ಹೋದದ್ದು ಅಂಟುಪಟ್ಟಿ ಕಿತ್ತುಹೋಗಿದ್ದ ಜಾಗಕ್ಕೆ.

"ಮೇಡಂ, ಚೂರು ಎಲ್ಲಿ? ಬಿದ್ದೋಯ್ತಾ?"

"ಹೌದು," ಎಂದೆ. "ಅಂಟು ಸರಿ ಇರಲಿಲ್ಲ."

"ಅದಕ್ಕೆಂತ ಬಿಡಿ ಮೇಡಂ, ಇನ್ನೊಂದು ಮುರಿದ್ರಾಯ್ತು," ಎಂದು ಅವಳು ನಕ್ಕಳು. ಅಥವಾ ನಕ್ಕಳೆಂದು ಇಷ್ಟು ವರ್ಷ ನಾನು ನೆನಪಿಟ್ಟುಕೊಂಡಿದ್ದೇನೆ. ಆ ಮಾತು ನನಗೆ ತೀರಾ ಅನುಕೂಲವಾಗಿದೆ, ಅದಕ್ಕೇ ಅದರ ಮೇಲೆ ಅನುಮಾನ. ಅಂಟು ಸರಿ ಇರಲಿಲ್ಲ ಎಂದು ನಾನು ಹೇಳಿದ್ದರ ಬಗ್ಗೆ ಮಾತ್ರ ಯಾವ ಅನುಮಾನವೂ ಇಲ್ಲ.